ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಡ್ರೈವರ್ ನೋಡಿ

ಹಳೆಯ ಕಂಪ್ಯೂಟರ್ ನಿಧಾನವಾದರೆ ನಮ್ಮಲ್ಲಿ ಕೇಳಿಬರುವ ಸಲಹೆ ಎರಡೇ: ‘ರ‍್ಯಾಮ್ ಹಾಕಿಸಿ’, ಇಲ್ಲವೇ ‘ಹೊಸದು ತನ್ನಿ’. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲೆ ನನ್ನ ಪರಿಚಯದ ಕೆಲವರು ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿಕೊಂಡರು. ಅವರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ವಿಂಡೋ ಎಳೆದರೆ ತಡವರಿಸುತ್ತದೆ, ವಿಡಿಯೋ ನಿಂತು ನಿಂತು ಓಡುತ್ತದೆ, ಫ್ಯಾನ್ ಮಾತ್ರ ಜೋರಾಗಿ ಕೂಗುತ್ತದೆ. ಇಂಥ ಕಡೆ ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡ್ ಹಾಳಾಗಿರುವುದಿಲ್ಲ. ಅದಕ್ಕೆ ಕೆಲಸವನ್ನೇ ಕೊಟ್ಟಿರುವುದಿಲ್ಲ.

ನಾನು ಭಾನುವಾರಗಳಂದು ನೆರವಿಗೆ ಹೋಗುವ ಮುಂಬೈ ಉಪನಗರದ ಒಂದು ಕನ್ನಡ ಸಂಘದ ವಾಚನಾಲಯದಲ್ಲೂ ಹೀಗೇ ಆಗಿತ್ತು. ಅಲ್ಲಿ ರಾತ್ರಿಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಕಾಗದ ಪುಡಿಯಾಗುತ್ತಿದೆ, ಕೆಲವು ಸಂಚಿಕೆಗಳಿಗೆ ಬೇರೆ ಪ್ರತಿಯೇ ಇಲ್ಲ. ಆದರೆ ಪರದೆಯ ಮೇಲೆ ಒಂದು ಪುಟ ಸರಿಯುವುದರೊಳಗೆ ಚಹಾ ಆರಿಹೋಗುತ್ತಿತ್ತು. ಮಕ್ಕಳ ಪುಸ್ತಕಕ್ಕೆಂದು ಎತ್ತಿಟ್ಟ ಹಣದಲ್ಲೇ ಹೊಸ ಕಂಪ್ಯೂಟರ್ ತರುವುದೆಂದು ಸಮಿತಿಯಲ್ಲಿ ಮಾತು ನಡೆದಿತ್ತು. ಅದಕ್ಕೆ ಮುಂಚೆ ಒಂದು ಭಾನುವಾರ ಕೊಡಿ ಎಂದು ಕೇಳಿಕೊಂಡೆ.

ಚಿತ್ರ ಬಿಡಿಸುತ್ತಿರುವವರು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಲಿನಕ್ಸ್‌ನಲ್ಲಿ ಪರದೆಯ ಚಿತ್ರವನ್ನು ಸಾಮಾನ್ಯವಾಗಿ ಸಿದ್ಧಪಡಿಸುವುದು ‘ಮೆಸಾ’ ಎಂಬ ತಂತ್ರಾಂಶ. ಕಾರ್ಡಿನ ಡ್ರೈವರ್ ಸಿಗದಿದ್ದರೆ ಅದು ಸುಮ್ಮನಿರುವುದಿಲ್ಲ. ಆ ಕೆಲಸವನ್ನೆಲ್ಲ ಸಿಪಿಯು ತಲೆಗೆ ಕಟ್ಟುತ್ತದೆ. ಹೀಗೆ ಸಿಪಿಯುವಿನಿಂದ ಚಿತ್ರ ಬಿಡಿಸುವ ಭಾಗದ ಹೆಸರು ‘ಎಲ್‌ಎಲ್‌ವಿಎಂ ಪೈಪ್’. ಪರದೆ ಕಾಣುತ್ತದೆ, ಕೆಲಸವೂ ನಡೆಯುತ್ತದೆ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಟರ್ಮಿನಲ್‌ನಲ್ಲಿ ‘ಜಿಎಲ್‌ಎಕ್ಸ್ ಇನ್ಫೋ’ ಆಜ್ಞೆ ಕೊಟ್ಟು ‘ರೆಂಡರರ್’ ಎಂಬ ಸಾಲನ್ನು ಓದಿ. ಅಲ್ಲಿ ಕಾರ್ಡಿನ ಹೆಸರಿರಬೇಕು. ನಮ್ಮ ಯಂತ್ರದಲ್ಲಿದ್ದುದು ಎಲ್‌ಎಲ್‌ವಿಎಂ ಪೈಪ್. ಮುಂದೆ ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಕೆ’ ಆಯ್ಕೆ ಸೇರಿಸಿ ನೋಡಿದೆ. ರೇಡಿಯಾನ್ ಕಾರ್ಡ್ ಪಟ್ಟಿಯಲ್ಲಿತ್ತು, ಅದಕ್ಕೆ ಬಳಕೆಯಲ್ಲಿರುವ ಡ್ರೈವರ್ ಯಾವುದೆಂದು ಹೇಳುವ ಸಾಲು ಮಾತ್ರ ಇರಲಿಲ್ಲ.

ಕಾರಣ ಸಿಕ್ಕಿದ್ದು ಬೂಟ್ ಆಯ್ಕೆಗಳಲ್ಲಿ. ಅಲ್ಲಿ ‘ನೋಮೋಡ್‌ಸೆಟ್’ ಎಂಬ ಪದವಿತ್ತು. ಸ್ಥಾಪಿಸುವಾಗ ಪರದೆ ಕಪ್ಪಾದರೆ ತಾತ್ಕಾಲಿಕವಾಗಿ ಹಾಕುವ ಪದ ಅದು. ಅದಿದ್ದರೆ ಕಾರ್ಡಿನ ಡ್ರೈವರ್ ಏಳುವುದಿಲ್ಲ. ಕೆಲಸ ಮುಗಿದ ಮೇಲೆ ತೆಗೆಯದೆ ಹಾಗೇ ಉಳಿದುಕೊಂಡಿತ್ತು.

ಹಾಗೆಂದು ಅದನ್ನು ಒಮ್ಮೆಲೇ ಅಳಿಸಬಾರದು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಆ ಪದವನ್ನು ತೆಗೆದು ಬೂಟ್ ಮಾಡಿದರೆ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಹಾಗೆ ಮಾಡಿದಾಗ ಪರದೆ ಕಪ್ಪಾಯಿತು. ಮತ್ತೆ ಮೊದಲಿನಂತೆ ಬೂಟ್ ಮಾಡಿ, ಹಿಂದಿನ ಬೂಟಿನ ಲಾಗ್ ತೆಗೆದು ನೋಡಿದರೆ ಕಾರ್ಡಿನ ಫರ್ಮ್‌ವೇರ್ ಕಡತ ಇಲ್ಲವೆಂದು ಬರೆದಿತ್ತು. ಯಂತ್ರದಲ್ಲಿದ್ದುದು ಹಳೆಯ ಡೆಬಿಯನ್. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಸ್ಥಾಪನಾ ಡಿಸ್ಕ್‌ನಲ್ಲೇ ಬರುತ್ತದೆ; ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿ, ಆಮೇಲೆ ಗ್ರಬ್‌ನಿಂದ ಆ ಪದವನ್ನು ಶಾಶ್ವತವಾಗಿ ತೆಗೆದೆ. ರೆಂಡರರ್ ಸಾಲಿನಲ್ಲಿ ಕಾರ್ಡಿನ ಹೆಸರು ಬಂತು. ಪುಟಗಳು ಸರಾಗವಾಗಿ ಸರಿದವು. ಖರ್ಚು ಸೊನ್ನೆ.

ಬೇರೆ ಕಾರಣಗಳೂ ಇರಬಹುದು

ಎಲ್ಲ ಯಂತ್ರಗಳ ಕತೆಯೂ ಇದೇ ಅಲ್ಲ. ಈ ನಾಲ್ಕನ್ನೂ ನೋಡಿ:

• ಮಾನಿಟರ್ ಕೇಬಲ್ ಕಾರ್ಡಿಗೆ ಸಿಕ್ಕಿಸಿದೆಯೋ, ಮದರ್‌ಬೋರ್ಡಿಗೋ? ಮದರ್‌ಬೋರ್ಡಿಗಾದರೆ ಒಳಗಿನ ಸಣ್ಣ ಗ್ರಾಫಿಕ್ಸ್ ದುಡಿಯುತ್ತಿರುತ್ತದೆ, ಕಾರ್ಡ್ ಮಲಗಿರುತ್ತದೆ.

• ಎನ್ವಿಡಿಯಾ ಕಾರ್ಡಿಗೆ ‘ನೂವೋ’ ಎಂಬ ಮುಕ್ತ ಡ್ರೈವರ್ ಇದೆ. ಆದರೆ ಅದರಡಿ ಪ್ಯಾಸ್ಕಲ್‌ನಂಥ ಪೀಳಿಗೆಯ ಕಾರ್ಡುಗಳು ಬೂಟ್ ಆದಾಗಿನ ಕಡಿಮೆ ವೇಗದಲ್ಲೇ ಉಳಿಯುತ್ತವೆ. ಅಂಥವಕ್ಕೆ ಕಂಪನಿಯ ಸ್ವಂತ ಡ್ರೈವರ್ ಬೇಕು.

• ಆ ಡ್ರೈವರ್ ಹಾಕಿದರೂ ಕೆಲಸ ಮಾಡದಿದ್ದರೆ ಸೆಕ್ಯೂರ್ ಬೂಟ್ ನೋಡಿ. ಸಹಿಯಿಲ್ಲದ ಮಾಡ್ಯೂಲನ್ನು ಅದು ಒಳಗೆ ಬಿಡುವುದಿಲ್ಲ.

• ಆರಂಭದಲ್ಲಿ ಚುರುಕಾಗಿದ್ದು ಅರ್ಧ ಗಂಟೆಯಲ್ಲಿ ಮಂದವಾದರೆ ಕಾವಿನ ಬಗ್ಗೆ ಅನುಮಾನಪಡಿ. ಫ್ಯಾನಿನ ಧೂಳು ತೆಗೆಯಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲ ರೆಂಡರರ್ ಸಾಲನ್ನು ಓದಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಸಂಘ ಸಂಸ್ಥೆಗಳಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಸ್ವಯಂಸೇವಕರು. ವರ್ಗವಾಗಿ ಪುಣೆಗೋ ಹೈದರಾಬಾದಿಗೋ ಹೊರಟುಹೋಗುತ್ತಾರೆ, ಅವರ ಜೊತೆ ಮಾಹಿತಿಯೂ ಹೋಗುತ್ತದೆ. ಯಾವ ಲಿನಕ್ಸ್, ಯಾವ ಕಾರ್ಡ್, ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂಬುದನ್ನು ತಾರೀಖಿನ ಸಮೇತ ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬದಿಗೆ ಅಂಟಿಸಿ. ಮುಂದೆ ಬರುವವರು ಅದನ್ನು ಓದಿಕೊಂಡು ಕೆಲಸ ಶುರುಮಾಡಲಿ.