ಕತ್ತಲಲ್ಲಿ ಹೊಳೆಯುವ ರುಥೇನಿಯಂ

ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟವರ ವರದಿಯನ್ನು ನೀವು ಗಮನವಿಟ್ಟು ನೋಡಿದ್ದೀರಾ? ಟಿ.ಎಸ್.ಎಚ್. ಎಂಬ ಸಾಲಿನ ಪಕ್ಕದಲ್ಲಿ ಕೆಲವು ವರದಿಗಳಲ್ಲಿ 'ಇ.ಸಿ.ಎಲ್.ಐ.ಎ.' ಎಂಬ ಅಕ್ಷರಗಳಿರುತ್ತವೆ. ಆ ಹಾರ್ಮೋನನ್ನು ಅಳೆದದ್ದು ಬೆಳಕಿನಿಂದ ಎಂದು ಇದರ ಅರ್ಥ. ಆ ಬೆಳಕು ಹುಟ್ಟುವುದು ದೀಪದಿಂದಲ್ಲ. ವಿದ್ಯುದಗ್ರದ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಯಿಂದ. ಇದೇ ವಿದ್ಯುದ್ರಾಸಾಯನಿಕ ದೀಪ್ತಿ.

ನೀರಿನ ತೊಡಕು

ಬೆಳಕು ಕೊಡುವ ವಸ್ತು ಒಂದು ಲೋಹ ಸಂಕೀರ್ಣ: ನಡುವೆ ರುಥೇನಿಯಂ (2+) ಅಯಾನು, ಸುತ್ತ ಮೂರು ಬೈಪಿರಿಡೀನ್ ಅಣುಗಳು. ಇದು ಹೊರಸೂಸುವ ಕಿತ್ತಳೆಗೆಂಪು ಬೆಳಕಿನ ಅಲೆಯುದ್ದ ಸುಮಾರು 620 ನ್ಯಾನೊಮೀಟರ್. 1240ನ್ನು 620ರಿಂದ ಭಾಗಿಸಿ. ಒಂದು ಫೋಟಾನಿಗೆ 2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕೆಂದು ತಿಳಿಯುತ್ತದೆ.

1972ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಟೋಕೆಲ್ ಮತ್ತು ಆಲನ್ ಬಾರ್ಡ್ ಈ ಸಂಕೀರ್ಣದಿಂದ ಬೆಳಕು ಪಡೆದದ್ದು ಅಸಿಟೊನೈಟ್ರೈಲ್ ದ್ರಾವಕದಲ್ಲಿ. ಅಲ್ಲಿ ಸಂಕೀರ್ಣದ 3+ ಮತ್ತು 1+ ರೂಪಗಳೆರಡನ್ನೂ ತಯಾರಿಸಬಹುದು. ಅವೆರಡೂ ಸೇರಿದಾಗ ಬೆಳಕು ಬರುತ್ತದೆ. ಆದರೆ 1+ ರೂಪ ಬೇಕಾದರೆ ವಿಭವ ಸುಮಾರು -1.3 ವೋಲ್ಟಿಗೆ ಇಳಿಯಬೇಕು. (ಇಲ್ಲಿಯ ವಿಭವಗಳೆಲ್ಲ ಪ್ರಮಾಣಕ ಹೈಡ್ರೊಜನ್ ವಿದ್ಯುದಗ್ರಕ್ಕೆ ಹೋಲಿಸಿದವು.) ತಟಸ್ಥ ನೀರಿನಲ್ಲಾದರೋ -0.41 ವೋಲ್ಟಿನಿಂದ ಕೆಳಗೆ ಹೈಡ್ರೊಜನ್ ಬಿಡುಗಡೆ ಸಾಧ್ಯ. ಹಾಗಾದರೆ ರಕ್ತದಂಥ ನೀರಿನ ಮಾದರಿಯಲ್ಲಿ ಬೆಳಕು ಪಡೆಯುವುದು ಹೇಗೆ?

ಪಿಯುಸಿ ಪ್ರಯೋಗಶಾಲೆಯ ಆಕ್ಸಲೇಟ್

1981ರಲ್ಲಿ ರೂಬಿನ್‌ಸ್ಟೈನ್ ಮತ್ತು ಬಾರ್ಡ್ ಇದಕ್ಕೆ ಬಳಸಿದ ವಸ್ತು ನಿಮಗೆ ಪರಿಚಿತವೇ: ಪರ್ಮಾಂಗನೇಟ್ ಅನುಮಾಪನದಲ್ಲಿ ಬರುವ ಆಕ್ಸಲೇಟ್. ಆಕ್ಸಲೇಟ್ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಎಂದು ನಾವು ಬರೆಯುತ್ತೇವೆ. ಅವೆರಡೂ ಒಟ್ಟಿಗೇ ಹೋಗಬೇಕೆಂದಿಲ್ಲ. ಮೊದಲ ಎಲೆಕ್ಟ್ರಾನ್ ಹೋದೊಡನೆ ಕಾರ್ಬನ್-ಕಾರ್ಬನ್ ಬಂಧ ಮುರಿದು, ಒಂದು ಕಾರ್ಬನ್ ಡೈಆಕ್ಸೈಡ್ ಅಣು ಹೊರಬೀಳುತ್ತದೆ. ಉಳಿಯುವುದು ಋಣಾವೇಶದ ಒಂದು ರ‍್ಯಾಡಿಕಲ್. ಇದರ ವಿಭವ ಸುಮಾರು -1.9 ವೋಲ್ಟ್, ಅಂದರೆ ಎಲೆಕ್ಟ್ರಾನ್ ಕೊಡಲು ತುದಿಗಾಲಲ್ಲಿ ನಿಂತಿರುವ ಪ್ರಬಲ ಅಪಕರ್ಷಣಕಾರಿ!

ಸೋಜಿಗ ಇರುವುದು ಇಲ್ಲಿ. ನಡೆದದ್ದು ಉತ್ಕರ್ಷಣೆ, ಸಿಕ್ಕಿದ್ದು ಅಪಕರ್ಷಣಕಾರಿ. ಅದೇ ಧನಾಗ್ರದಲ್ಲಿ ಸಂಕೀರ್ಣವೂ 3+ ರೂಪಕ್ಕೆ ಏರಿರುತ್ತದೆ (ಸುಮಾರು +1.26 ವೋಲ್ಟ್). ರ‍್ಯಾಡಿಕಲ್ ತನ್ನ ಎಲೆಕ್ಟ್ರಾನನ್ನು ಇದಕ್ಕೆ ಕೊಡುತ್ತದೆ. ಎರಡರ ಅಂತರ 3 ವೋಲ್ಟಿಗಿಂತ ಹೆಚ್ಚು. ಫೋಟಾನಿಗೆ ಬೇಕಾದ್ದು 2 ಮಾತ್ರ. ಹಾಗಾಗಿ ಎಲೆಕ್ಟ್ರಾನ್ ಬೈಪಿರಿಡೀನಿನ ಮೇಲಿನ ಶಕ್ತಿಮಟ್ಟಕ್ಕೆ ಸೇರಿ, ಸಂಕೀರ್ಣ ಉದ್ರಿಕ್ತ ಸ್ಥಿತಿಗೆ ಬರುತ್ತದೆ. ಕೆಳಗಿಳಿಯುವಾಗ ಬೆಳಕು ಸೂಸಿ, ಮತ್ತೆ 2+ ರೂಪದಲ್ಲಿ ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಆಕ್ಸಲೇಟ್ ಮಾತ್ರ ಖರ್ಚಾಗುತ್ತದೆ. ಈಗಿನ ಪರೀಕ್ಷಾ ಯಂತ್ರಗಳಲ್ಲಿ ಆಕ್ಸಲೇಟಿನ ಬದಲು ಟ್ರೈಪ್ರೊಪೈಲ್ ಅಮೀನ್ ಇದೇ ಕೆಲಸ ಮಾಡುತ್ತದೆ.

ಹಾರ್ಮೋನಿನ ಅಳತೆ

ಟಿ.ಎಸ್.ಎಚ್. ಅಣುವನ್ನು ಎರಡು ಪ್ರತಿಕಾಯಗಳು ಎರಡು ಬದಿಯಿಂದ ಹಿಡಿಯುತ್ತವೆ. ಒಂದಕ್ಕೆ ರುಥೇನಿಯಂ ಸಂಕೀರ್ಣ ಅಂಟಿಸಿರುತ್ತದೆ, ಇನ್ನೊಂದಕ್ಕೆ ಬಯೋಟಿನ್. ಬಯೋಟಿನ್ ಹೋಗಿ ಸ್ಟ್ರೆಪ್ಟಾವಿಡಿನ್ ಲೇಪಿಸಿದ ಕಾಂತೀಯ ಕಣಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಯಸ್ಕಾಂತ ಈ ಕಣಗಳನ್ನು ವಿದ್ಯುದಗ್ರಕ್ಕೆ ಸೆಳೆದು ಹಿಡಿಯುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ವೋಲ್ಟೇಜ್ ಕೊಟ್ಟಾಗ ಬಂದ ಬೆಳಕು ಹೆಚ್ಚಿದ್ದಷ್ಟೂ ಹಾರ್ಮೋನು ಹೆಚ್ಚು. ಹೊರಗಿನ ದೀಪವೇ ಇಲ್ಲದ್ದರಿಂದ ಹಿನ್ನೆಲೆ ಬಹುತೇಕ ಕತ್ತಲು. ಮಿಣುಕು ಬೆಳಕೂ ಎದ್ದು ಕಾಣುತ್ತದೆ.

ಎಚ್ಚರವಿರಲಿ

ಕೂದಲು ಉದುರುವುದಕ್ಕೆಂದು ಹಲವರು 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುತ್ತಾರೆ. ವಯಸ್ಕರಿಗೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೊಗ್ರಾಂ. ರಕ್ತದಲ್ಲಿ ಹೆಚ್ಚಾದ ಬಯೋಟಿನ್ ಆ ಕಣಗಳ ಮೇಲಿನ ಜಾಗವನ್ನು ತಾನೇ ಆಕ್ರಮಿಸಬಹುದು. ಆಗ ರುಥೇನಿಯಂ ಹೊತ್ತ ಜೋಡಣೆ ತೊಳೆದುಹೋಗಿ, ಬೆಳಕು ಕುಗ್ಗಿ, ಟಿ.ಎಸ್.ಎಚ್. ಇಲ್ಲದಷ್ಟು ಕಡಿಮೆಯೆಂದು ವರದಿ ಬರುತ್ತದೆ. ಇಲ್ಲದ ರೋಗಕ್ಕೆ ಚಿಕಿತ್ಸೆ ಆರಂಭವಾಗಬಹುದು; ಇರುವ ರೋಗ ಮರೆಯಾಗಲೂಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಈ ಬಗ್ಗೆ ಎಚ್ಚರಿಸಿತು. ಅನಂತರ ಬಯೋಟಿನ್ ತಡೆದುಕೊಳ್ಳುವ ಸುಧಾರಿತ ರಾಸಾಯನಿಕಗಳೂ ಬಂದಿವೆ. ಆದರೂ ರಕ್ತ ಕೊಡುವ ಮುನ್ನ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೂ ಪ್ರಯೋಗಾಲಯದವರಿಗೂ ಹೇಳುವುದು ಕ್ಷೇಮ.

ಶಿಕ್ಷಕರೇ, ಮುಂದಿನ ಸಲ ಆಕ್ಸಲೇಟ್ ಅನುಮಾಪನ ಮಾಡಿಸುವಾಗ ಒಂದು ಪ್ರಶ್ನೆ ಕೇಳಿ: ಎರಡು ಎಲೆಕ್ಟ್ರಾನ್‌ಗಳಲ್ಲಿ ಒಂದು ಮಾತ್ರ ಹೋದರೆ ಉಳಿಯುವುದೇನು?