ಕೋಳಿಯ ಗರಿಯ ಬಣ್ಣವಿನ್ಯಾಸ ಮತ್ತು ತಳಿಶುದ್ಧಿಯ ಪರಿಕಲ್ಪನೆ

ಸಾಕುಪ್ರಾಣಿಗಳ ವಿಚಾರದಲ್ಲಿ ‘ಶುದ್ಧ ತಳಿ’ ಎಂಬ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ. ತಂದೆತಾಯಿಗಳಂತೆಯೇ ಮರಿಗಳು ಹುಟ್ಟಿದರೆ ತಳಿ ಶುದ್ಧ, ಬೇರೆಯಾಗಿ ಹುಟ್ಟಿದರೆ ಎಲ್ಲಿಯೋ ಬೆರಕೆಯಾಗಿದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷಿಸಲು ಕೋಳಿಯ ಗರಿ ಬಹಳ ಅನುಕೂಲವಾದ ವಸ್ತು. ಬೇಕಾದ ಬಣ್ಣವಿನ್ಯಾಸಕ್ಕಾಗಿ ಕೋಳಿಗಳನ್ನು ಆಯ್ದು ಕೂಡಿಸುವ ಹವ್ಯಾಸ 19ನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ವ್ಯಾಪಕವಾಗಿ ಬೆಳೆಯಿತು. ಆ ಪರಂಪರೆಯ ಮೂರು ತಳಿಗಳನ್ನು ಆಧರಿಸಿ, ಬಯಸಿದ ರೂಪಕ್ಕೂ ಶುದ್ಧತೆಗೂ ಇರುವ ಸಂಬಂಧವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಕೋಳಿಯ ಗರಿಗಳು ಎಷ್ಟೇ ವೈವಿಧ್ಯಮಯವಾಗಿ ಕಂಡರೂ ಅವುಗಳ ಮೂಲವರ್ಣಕಗಳು ಎರಡೇ. ಯೂಮೆಲನಿನ್ ಕಪ್ಪು ಛಾಯೆಗಳನ್ನೂ ಫಿಯೋಮೆಲನಿನ್ ಕೆಂಪು ಮತ್ತು ಹೊಂಬಣ್ಣಗಳನ್ನೂ ಕೊಡುತ್ತದೆ. ಎರಡೂ ಇಲ್ಲದೆಡೆ ಗರಿ ಬಿಳಿಯಾಗಿ ಉಳಿಯುತ್ತದೆ. ಯಾವ ವರ್ಣಕ ಎಷ್ಟಿದೆ ಎಂಬುದರಿಂದ ಬಣ್ಣ ನಿರ್ಧಾರವಾಗುತ್ತದೆ. ಅದು ಗರಿಯ ಯಾವ ಭಾಗಕ್ಕೆ, ಬೆಳವಣಿಗೆಯ ಯಾವ ಘಟ್ಟದಲ್ಲಿ ಸೇರಿತು ಎಂಬುದರಿಂದ ವಿನ್ಯಾಸ ನಿರ್ಧಾರವಾಗುತ್ತದೆ. ಗರಿಯ ತುದಿ ಮೊದಲು ರೂಪುಗೊಂಡು ಬುಡ ಕೊನೆಗೆ ರೂಪುಗೊಳ್ಳುವುದರಿಂದ, ವರ್ಣಕದ ಪೂರೈಕೆಯಲ್ಲಿ ಕಾಲಕಾಲಕ್ಕೆ ಆಗುವ ಏರಿಳಿತ ಗರಿಯ ಮೇಲೆ ಅಡ್ಡಪಟ್ಟೆಯಾಗಿ ಉಳಿಯುತ್ತದೆ. ಬಣ್ಣ ಮತ್ತು ವಿನ್ಯಾಸಗಳನ್ನು ನಿಯಂತ್ರಿಸುವ ವಂಶವಾಹಿಗಳು ಬಹುಮಟ್ಟಿಗೆ ಬೇರೆ ಬೇರೆ ಎಂಬುದು ಮುಂದಿನ ಚರ್ಚೆಗೆ ಆಧಾರ.

ನೀಲಿಯ ಸಮಸ್ಯೆ

ಸ್ಪೇನಿನ ಪ್ರಾಂತವೊಂದರ ಹೆಸರು ಹೊತ್ತು ಇಂಗ್ಲೆಂಡಿನಲ್ಲಿ ಪ್ರದರ್ಶನದ ತಳಿಯಾಗಿ ರೂಪುಗೊಂಡ ಆಂಡಲೂಸಿಯನ್ ಕೋಳಿಯ ಮೆಚ್ಚಿನ ಬಣ್ಣ ಬೂದು ಮಿಶ್ರಿತ ನೀಲಿ. ನೀಲಿ ಹುಂಜವನ್ನು ನೀಲಿ ಹೇಂಟೆಯೊಡನೆ ಎಷ್ಟು ತಲೆಮಾರು ಕೂಡಿಸಿದರೂ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ನೀಲಿ. ಕಾಲು ಭಾಗ ಕಪ್ಪಾಗಿಯೂ ಇನ್ನೊಂದು ಕಾಲು ಭಾಗ ನೀಲಿಯ ಚೆಲ್ಲುಕಲೆಗಳಿರುವ ಮಾಸಲು ಬಿಳಿಯಾಗಿಯೂ ಹುಟ್ಟುತ್ತವೆ. ಸಾಕಣೆಗಾರರು ಇವುಗಳನ್ನು ದೋಷವೆಂದು ಬಗೆದು ತೆಗೆದುಹಾಕುತ್ತಿದ್ದರು.

ಮೆಂಡಲ್ 1866ರಲ್ಲಿ ಪ್ರಕಟಿಸಿದ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಅವು ಪ್ರಾಣಿಗಳಿಗೂ ಅನ್ವಯಿಸುತ್ತವೆಂಬುದನ್ನು ವಿಲಿಯಂ ಬೇಟ್ಸನ್ 1902ರಲ್ಲಿ ಕೋಳಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಬೇಟ್ಸನ್ ಮತ್ತು ಅವರ ಸಹೋದ್ಯೋಗಿ ಪನ್ನೆಟ್ ಅವರ ವಿವರಣೆಯಿಂದ ನೀಲಿಯ ಒಗಟೂ ಬಿಡಿಸಿತು. ನೀಲಿ ವಂಶವಾಹಿಯ ಒಂದು ಪ್ರತಿ ಕಪ್ಪನ್ನು ನೀಲಿಯಾಗಿ ತಿಳಿಗೊಳಿಸುತ್ತದೆ. ಎರಡು ಪ್ರತಿಗಳು ಸೇರಿದರೆ ಬಣ್ಣ ಬಹುತೇಕ ಅಳಿದು ಚೆಲ್ಲುಕಲೆಯ ಕೋಳಿಯಾಗುತ್ತದೆ. ಇದನ್ನು ಅಪೂರ್ಣ ಪ್ರಾಬಲ್ಯ ಎನ್ನುತ್ತಾರೆ. ಅಂದರೆ ನೀಲಿ ಕೋಳಿ ಸ್ವಭಾವತಃ ಮಿಶ್ರ. ಅದನ್ನು ಶುದ್ಧಗೊಳಿಸುವ ಪ್ರಯತ್ನವೇ ವ್ಯರ್ಥ. ಎಲ್ಲ ಮರಿಗಳೂ ನೀಲಿಯಾಗಬೇಕಾದರೆ ದೋಷವೆಂದು ತಳ್ಳಿದ ಕಪ್ಪು ಕೋಳಿಯನ್ನೂ ಚೆಲ್ಲುಕಲೆಯ ಕೋಳಿಯನ್ನೂ ಪರಸ್ಪರ ಕೂಡಿಸಬೇಕು. ಬಣ್ಣಕ್ಕೆ ಸಂಬಂಧಿಸಿದಂತೆ ಸಾಕಣೆಗಾರರು ಕೈಬಿಟ್ಟದ್ದೇ ಶುದ್ಧ, ಉಳಿಸಿಕೊಂಡದ್ದೇ ಮಿಶ್ರ.

ಅಡ್ಡಪಟ್ಟೆ ಮತ್ತು ಲಿಂಗಭೇದ

ಅಮೆರಿಕದ ಪ್ಲಿಮತ್ ರಾಕ್ ತಳಿಯ ಗರಿಗಳಲ್ಲಿ ಕಪ್ಪು ಬಿಳಿ ಪಟ್ಟೆಗಳು ಒಂದರ ಬಳಿಕ ಒಂದು ಬರುತ್ತವೆ. ಈ ವಿನ್ಯಾಸದ ವಂಶವಾಹಿ ಇರುವುದು ‘ಝಡ್’ ಎಂಬ ಲಿಂಗ ವರ್ಣತಂತುವಿನಲ್ಲಿ. ಹುಂಜಕ್ಕೆ ಝಡ್ ಎರಡು, ಹೇಂಟೆಗೆ ಒಂದೇ. ಹೀಗಾಗಿ ಹುಂಜದಲ್ಲಿ ಬಿಳಿಪಟ್ಟೆ ಅಗಲವಾಗಿ ಮೈಬಣ್ಣ ತಿಳಿಯಾಗುತ್ತದೆ. ಹೇಂಟೆ ಕಪ್ಪಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಮಾತ್ರ ಇಬ್ಬರಿಗೂ ಒಂದೇ ಛಾಯೆಯನ್ನು ಅಪೇಕ್ಷಿಸಲಾಗುತ್ತಿತ್ತು. ಈ ಅಪೇಕ್ಷೆಯನ್ನು ಪೂರೈಸಲು ಸಾಕಣೆಗಾರರು ಒಂದೇ ತಳಿಯೊಳಗೆ ಎರಡು ಕವಲುಗಳನ್ನು ಬೆಳೆಸಿದರು: ಒಂದು ಪ್ರದರ್ಶನದ ಹುಂಜಗಳಿಗಾಗಿ, ಇನ್ನೊಂದು ಪ್ರದರ್ಶನದ ಹೇಂಟೆಗಳಿಗಾಗಿ. ಜೊತೆಯಾಗಿ ಬಹುಮಾನ ಪಡೆದ ಹುಂಜ ಹೇಂಟೆಗಳು ಹಲವೊಮ್ಮೆ ಪರಸ್ಪರ ಕೂಡಿಸಲು ತಕ್ಕ ಜೋಡಿಯಾಗಿರಲಿಲ್ಲ.

ಇದೇ ಲಿಂಗಭೇದ ಅನ್ಯತ್ರ ಉಪಯುಕ್ತವಾಯಿತು. ಪಟ್ಟೆಯ ಹೇಂಟೆಯನ್ನು ಪಟ್ಟೆಯಿಲ್ಲದ ಬಣ್ಣದ ಹುಂಜದೊಡನೆ ಕೂಡಿಸಿದರೆ ಗಂಡು ಮರಿಗಳು ಮಾತ್ರ ಪಟ್ಟೆಯನ್ನು ಪಡೆಯುತ್ತವೆ. ಮೊಟ್ಟೆಯೊಡೆದ ದಿನವೇ ತಲೆಯ ಮೇಲಿನ ಬಿಳಿ ಚುಕ್ಕೆಯಿಂದ ಅವುಗಳನ್ನು ಗುರುತಿಸಬಹುದು.

ಅಂಚುಗೆರೆಯ ಕೂಡುಕಟ್ಟು

ಸರ್ ಜಾನ್ ಸೆಬ್ರೈಟ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ, ಅವರ ಹೆಸರಿನದೇ ಆದ ಗಿಡ್ಡ ತಳಿಯಲ್ಲಿ ಪ್ರತಿ ಗರಿಯ ಸುತ್ತಲೂ ಕಪ್ಪು ಅಂಚು ಇರುತ್ತದೆ. ಒಂದೇ ಕೈಯ ಕುಸುರಿಯಂತೆ ಕಾಣುವ ಈ ಅಂಚು ಹಲವು ವಂಶವಾಹಿಗಳ ಕೂಡುಕೆಲಸ. ಒಂದು ಕಪ್ಪನ್ನು ಮೈಯ ಬಹುಭಾಗದಿಂದ ಹಿಂದೆಗೆಯುತ್ತದೆ, ಇನ್ನೊಂದು ಅದನ್ನು ಗೆರೆಯಾಗಿ ಜೋಡಿಸುತ್ತದೆ, ಮತ್ತೊಂದು ಕಪ್ಪನ್ನು ಹೆಚ್ಚಿಸುತ್ತದೆ. ಹುಂಜದ ಚೂಪು ಗರಿಗಳನ್ನು ಹೇಂಟೆಯ ಗರಿಗಳಂತೆ ದುಂಡಾಗಿಸುವ ಬೇರೆಯೇ ವಂಶವಾಹಿಯೊಂದು ಇರುವುದರಿಂದ ಹುಂಜದ ಮೈತುಂಬ ಅಂಚು ಪೂರ್ಣವಾಗಿ ಮೂಡುತ್ತದೆ. ಇದೇ ಅಂಚು ಹೊನ್ನಿನ ಹಿನ್ನೆಲೆಯಲ್ಲಿಯೂ ಬೆಳ್ಳಿಯ ಹಿನ್ನೆಲೆಯಲ್ಲಿಯೂ ಬರುತ್ತದೆ. ಬಣ್ಣವೂ ವಿನ್ಯಾಸವೂ ಬೇರೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ನೀಲಿಯಂತಲ್ಲದೆ ಈ ವಿನ್ಯಾಸವನ್ನು ತಲೆಮಾರಿನಿಂದ ತಲೆಮಾರಿಗೆ ಸ್ಥಿರಗೊಳಿಸಬಹುದು. ಆದರೆ ಅದಕ್ಕೂ ಬೆಲೆಯುಂಟು. ಬಹುಕಾಲ ಸಮೀಪ ಸಂಬಂಧಿಗಳನ್ನೇ ಕೂಡಿಸಿದ್ದರಿಂದ ಈ ತಳಿಯ ಸಂತಾನಶಕ್ತಿ ಕುಗ್ಗಿದುದನ್ನು ಡಾರ್ವಿನ್ 1868ರ ಕೃತಿಯಲ್ಲಿಯೇ ದಾಖಲಿಸಿದ್ದಾರೆ.

ನಮ್ಮ ತುಳುನಾಡಿನಲ್ಲಿ ಅಂಕದ ಹುಂಜಗಳನ್ನು ಗರಿಯ ಬಣ್ಣದಿಂದ ಗುರುತಿಸಿ ಹೆಸರಿಸುವ ಪದ್ಧತಿಯಿದೆ. ಆ ಹೆಸರುಗಳು ಕಣ್ಣಿಗೆ ಕಂಡ ರೂಪವನ್ನು ಸೂಚಿಸುತ್ತವೆ. ಹುಂಜದ ವಂಶದ ಬಗ್ಗೆ ಏನನ್ನೂ ಸಾಧಿಸಹೊರಡುವುದಿಲ್ಲ. ‘ತಳಿ’ ಎಂಬ ಪದವಾದರೋ ಕಂಡ ರೂಪದಿಂದ ಕಾಣದ ವಂಶವನ್ನು ನಿರ್ಣಯಿಸಿಬಿಡುತ್ತದೆ. ಮೇಲಿನ ಮೂರು ಉದಾಹರಣೆಗಳಲ್ಲಿ ಈ ನಿರ್ಣಯ ಒಂದೆಡೆ ತಲೆಕೆಳಗಾಗಿದೆ, ಇನ್ನೊಂದೆಡೆ ಹುಂಜ ಹೇಂಟೆಗಳಲ್ಲಿ ಬೇರೆಯಾಗಿದೆ, ಮತ್ತೊಂದೆಡೆ ನಿಜವಾದರೂ ಸಂತಾನದ ಶಕ್ತಿಯನ್ನು ಕಸಿದಿದೆ. ವಂಶವಾಹಿಯೊಂದರ ಎರಡು ಪ್ರತಿಗಳೂ ಒಂದೇ ಬಗೆಯವಾಗಿರುವುದು ಎಂಬಷ್ಟೇ ಶುದ್ಧತೆಯ ಅರ್ಥ. ಅದು ಶ್ರೇಷ್ಠತೆಯ ಅಳತೆಗೋಲಲ್ಲ.