ಜಿಯೋಪಾಲಿಮರ್ ಕಾಂಕ್ರೀಟು ಮತ್ತು ಉಕ್ಕಿನ ತೊಲೆ: ಹಿಡಿತದ ಲೆಕ್ಕ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳಿಂದ ಸ್ಲ್ಯಾಗ್, ಕುಡತಿನಿಯ 1,700 ಮೆಗಾವ್ಯಾಟ್ ಉಷ್ಣ ವಿದ್ಯುತ್ ಕೇಂದ್ರದಿಂದ ಹಾರುಬೂದಿ ಬಳ್ಳಾರಿ ಜಿಲ್ಲೆಯಲ್ಲಿಯೇ ದೊರೆಯುತ್ತವೆ. ಸಿಮೆಂಟಿಗೆ ಬದಲಾಗಿ ಇವನ್ನು ಕಾಸ್ಟಿಕ್ ಸೋಡಾ ಹಾಗೂ ಸೋಡಿಯಂ ಸಿಲಿಕೇಟ್ ದ್ರಾವಣದಿಂದ ಗಟ್ಟಿಗೊಳಿಸಿ, ಮರಳು, ಜಲ್ಲಿಗಳೊಡನೆ ಸಿದ್ಧಪಡಿಸುವುದೇ ಜಿಯೋಪಾಲಿಮರ್ ಕಾಂಕ್ರೀಟು. ಫ್ರಾನ್ಸಿನ ವಿಜ್ಞಾನಿ ಜೋಸೆಫ್ ಡೇವಿಡೋವಿಟ್ಸ್ 1970ರ ದಶಕದಲ್ಲಿ ಇದಕ್ಕೆ ಈ ಹೆಸರನ್ನಿತ್ತರು.

ಸಿರುಗುಪ್ಪದ ಅಕ್ಕಿ ಗಿರಣಿಗಾಗಲಿ, ಕುರುಗೋಡಿನ ಗೋದಾಮಿಗಾಗಲಿ, ಬಳ್ಳಾರಿ ನಗರದ ಜೀನ್ಸ್ ಘಟಕಕ್ಕಾಗಲಿ ಉಕ್ಕಿನ ಐ-ತೊಲೆಯನ್ನು ಈ ಕಾಂಕ್ರೀಟಿನಲ್ಲಿ ಹುದುಗಿಸಿ ಕಂಬ ನಿಲ್ಲಿಸಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇವೆರಡೂ ಜಾರದೆ ಒಂದಾಗಿ ಭಾರ ಹೊರುವವೇ?

ಕಾಂಕ್ರೀಟು ಉಕ್ಕನ್ನು ಹಿಡಿಯುವುದು ಮೂರು ಬಗೆಯಲ್ಲಿ: ಅಂಟುವಿಕೆ, ಘರ್ಷಣೆ ಮತ್ತು ಏಣುಗಳ ಕಚ್ಚುವಿಕೆ. ಏಣುಳ್ಳ ಸರಳುಗಳಲ್ಲಿ ಮೂರನೆಯದೇ ಪ್ರಧಾನ. ಹಾರುಬೂದಿಯ ಜಿಯೋಪಾಲಿಮರ್ ಇಂತಹ ಸರಳುಗಳನ್ನು ಸಮಾನ ಬಲದ ಸಿಮೆಂಟ್ ಕಾಂಕ್ರೀಟಿಗಿಂತ ಚೆನ್ನಾಗಿಯೇ ಹಿಡಿಯುವುದೆಂದು ಆಸ್ಟ್ರೇಲಿಯದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆದರೆ ಐ-ತೊಲೆಯ ಮೈ ನುಣುಪು. ಅಲ್ಲಿ ಅಂಟುವಿಕೆ, ಘರ್ಷಣೆಗಳೇ ಆಧಾರ. ಆದುದರಿಂದ ಸರಳಿನ ಫಲಿತಾಂಶವನ್ನು ತೊಲೆಗೆ ಅನ್ವಯಿಸುವುದು ತಪ್ಪು ಲೆಕ್ಕವಾಗುತ್ತದೆ.

ಸಿಮೆಂಟ್ ಕಾಂಕ್ರೀಟಿನ ಅಂಕಿಗಳೇ ಇದಕ್ಕೆ ಸಾಕ್ಷಿ. ಐಎಸ್ 456:2000ರಂತೆ ಎಂ30 ಕಾಂಕ್ರೀಟಿನಲ್ಲಿ ಏಣುಳ್ಳ ಸರಳಿಗೆ ಪ್ರತಿ ಚದರ ಮಿಲಿಮೀಟರಿಗೆ 2.4 ನ್ಯೂಟನ್ ಹಿಡಿತವನ್ನು ಗಣಿಸಬಹುದು. ಪೂರ್ಣವಾಗಿ ಹುದುಗಿದ ತೊಲೆಗೆ ಯುರೋಪಿನ ಸಂಹಿತೆ ಮೂಲತಃ ಒಪ್ಪುವುದು ಕೇವಲ 0.30, ಅಂದರೆ ಎಂಟನೆಯ ಒಂದು ಪಾಲು. ಜಿಯೋಪಾಲಿಮರಿನಲ್ಲಿ ಸ್ಲ್ಯಾಗ್ ಹೆಚ್ಚಿದಷ್ಟೂ ಕುಗ್ಗುವಿಕೆ ಹೆಚ್ಚುವ ಸಂಭವವಿದ್ದು, ಟೊಳ್ಳು ಕಂಬದೊಳಗೆ ತುಂಬಿದಾಗ ಉಕ್ಕಿನಿಂದ ಅದು ಬಿಟ್ಟುಕೊಳ್ಳಬಹುದು. ತೊಲೆಯ ಮೇಲಿನ ಎಣ್ಣೆ, ಬಣ್ಣ, ಸಡಿಲ ತುಕ್ಕುಗಳೂ ಹಿಡಿತವನ್ನು ಕುಂದಿಸುತ್ತವೆ.

ಭಾರತೀಯ ಮಾನಕ ಐಎಸ್ 17452:2020 ಕ್ಷಾರದಿಂದ ಗಟ್ಟಿಗೊಳಿಸಿದ ಕಾಂಕ್ರೀಟಿನ ಪೂರ್ವನಿರ್ಮಿತ ಉತ್ಪನ್ನಗಳಿಗೆ ಮಾರ್ಗಸೂಚಿಯಾಗಿದೆ. ಅದನ್ನೇ ಹುದುಗಿದ ತೊಲೆಯ ಕಂಬಕ್ಕೆ ಅನುಮತಿಯೆಂದು ಭಾವಿಸಲಾಗದು. ಬಳಸಲಿರುವ ಮಿಶ್ರಣದಲ್ಲಿಯೇ ತೊಲೆಯ ತುಂಡನ್ನು ಹುದುಗಿಸಿ, ಒತ್ತಿ ಜಾರಿಸುವ ಪರೀಕ್ಷೆಯನ್ನು ಪ್ರಯೋಗಶಾಲೆಯಲ್ಲಿ ಮಾಡಿಸುವುದು ಕ್ಷೇಮ. ಹಿಡಿತ ಸಾಲದಿದ್ದಲ್ಲಿ ಎಂಜಿನಿಯರರ ಲೆಕ್ಕದಂತೆ ತೊಲೆಗೆ ತಲೆಯುಳ್ಳ ಉಕ್ಕಿನ ಗೂಟಗಳನ್ನು ಬೆಸೆಯಬೇಕಾಗುತ್ತದೆ.

ಈ ಪರೀಕ್ಷೆ ಹಾಗೂ ಗೂಟಗಳ ವೆಚ್ಚವನ್ನು ಯಾರು ಭರಿಸಬೇಕೆಂಬುದು ಕರಾರು ಪತ್ರದಲ್ಲಿಯೇ ನಮೂದಾಗಿರಬೇಕು. ಸಿಮೆಂಟಿನಲ್ಲಿ ಉಳಿಯುವ ಹಣವನ್ನು ಲಾಭವೆಂದು ಬರೆಯುವ ಮುನ್ನ ಈ ವೆಚ್ಚವನ್ನು ಖರ್ಚಿನ ಬದಿಗೆ ಬರೆದು ನೋಡುವುದು ವಿವೇಕ. ಕಂಬ ನಿಂತ ಬಳಿಕ ದೋಷವನ್ನು ಸರಿಪಡಿಸುವ ಖರ್ಚು ಆ ಉಳಿತಾಯವನ್ನೆಲ್ಲ ನುಂಗಿಬಿಡಬಲ್ಲದು.